ಹಗ್ಗ ಬಿಚ್ಚಿದ ತೆಪ್ಪ

ಎಂಬತ್ತರ ದಶಕದಲ್ಲಿ ನಾನು ಯಾವ ಆಟದಲ್ಲೂ ಸೋತವನಲ್ಲ. ಹಿಂದೂಪುರದಲ್ಲಿ ವರ್ಷಕ್ಕೊಂದು ದಿನ ವಿಕಲಾಂಗರ ಆಟೋಟ ನಡೆಯುತ್ತಿತ್ತು, ಹೋದವರಿಗೆಲ್ಲ ಮೊದಲ ಬಹುಮಾನ. ಬಹುಮಾನವೆಂದರೆ ಒಂದು ಸ್ಟೀಲ್ ಡಬ್ಬಿ. ಅದರ ಮೇಲೆ ‘ಪ್ರಥಮ’ ಎಂದು ಪಾತ್ರೆ ಅಂಗಡಿಯವರು ಹಿಂದಿನ ದಿನವೇ ಕೆತ್ತಿ ಕಳಿಸಿರುತ್ತಿದ್ದರು. ಗೆಲ್ಲುವವರು ಯಾರೆಂಬುದು ಪಾತ್ರೆ ಅಂಗಡಿಗೆ ನಮಗಿಂತ ಮುಂಚೆ ಗೊತ್ತಿರುತ್ತಿತ್ತು.

ನನ್ನ ಎರಡೂ ಕಾಲುಗಳನ್ನು ಮೂರನೇ ವಯಸ್ಸಿಗೇ ಪೋಲಿಯೋ ತಿಂದುಹಾಕಿತ್ತು. ಕೈಗಳನ್ನು ಅದು ಯಾಕೋ ಮುಟ್ಟಲಿಲ್ಲ. ರೇಷ್ಮೆ ನೂಲು ತೆಗೆಯುವ ಮನೆಯೊಂದರಲ್ಲಿ ಚರಕದ ಚಕ್ರ ತಿರುಗಿಸುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ತಿರುಗಿಸಿ ತಿರುಗಿಸಿ ತೋಳುಗಳು ಪೈಲ್ವಾನನ ತೋಳುಗಳಾಗಿದ್ದವು. ಅಂಥವನಿಗೆ ಅವರು ಆಡಿಸುತ್ತಿದ್ದದ್ದು ಕುರ್ಚಿ ಆಟ. ಹಾಡು ನಿಂತ ಕೂಡಲೇ ಓಡಿಹೋಗಿ ಕುರ್ಚಿ ಹಿಡಿಯಬೇಕು. ಓಡಲು ಬರುವಂತಿದ್ದರೆ ನಾವು ಆ ಆಟೋಟಕ್ಕೆ ಯಾಕೆ ಬರುತ್ತಿದ್ದೆವು ಎಂದು ಕೇಳುವಷ್ಟು ದುರಹಂಕಾರ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಒಂದು ವರ್ಷ ಕೋಸ್ತಾ ಕಡೆಯಿಂದ, ಅಂದರೆ ಆಂಧ್ರದ ಕರಾವಳಿಯಿಂದ, ಹೊಸ ಅಧಿಕಾರಿ ಬಂದರು. ನದಿ ದಂಡೆಯಲ್ಲಿ ಬೆಳೆದ ಮನುಷ್ಯ. ನನ್ನ ಮುಖ ನೋಡುವ ಮೊದಲು ತೋಳು ನೋಡಿ, ದೋಣಿ ಪಂದ್ಯ ಇಡೋಣ ಎಂದರು. ಇಂಥವರು ಆಫೀಸಿನಲ್ಲಿ ಅಪರೂಪ, ನನಗೆ ಅವರ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿತು. ನಮ್ಮ ಕಡೆ ದೋಣಿ ಎಲ್ಲಿಂದ ಬರಬೇಕು? ಲಾರಿ ಶೆಡ್ಡಿನಿಂದ ಹಳೇ ಟ್ಯೂಬು ತರಿಸಿ, ಗಾಳಿ ತುಂಬಿಸಿ, ಎರಡೆರಡು ಟ್ಯೂಬಿನ ಮೇಲೆ ಹಲಗೆ ಕಟ್ಟಿಸಿ ಎರಡು ತೆಪ್ಪ ಮಾಡಿಸಿದರು. ಎರಡೂ ಕಡೆ ಹುಟ್ಟು. ಹೋಗಬೇಕಾದ ದಡಕ್ಕೆ ಬೆನ್ನು ಮಾಡಿ ಕೂರಬೇಕು, ನಿಜವಾದ ಪಂದ್ಯದಲ್ಲಿ ಹಾಗೇ ಎಂದು ತಾವೇ ಕೂತು ತೋರಿಸಿದರು. ನಾನು ಒಂದು ತಿಂಗಳು ರಜೆ ದಿನವೆಲ್ಲ ಕೆರೆಯಲ್ಲೇ ಕಳೆದೆ. ಒಂದೇ ಒಂದು ಸಲ ನಿಜವಾಗಿ ಗೆಲ್ಲಬೇಕು ಅನ್ನುವ ಹುಚ್ಚು ಹಿಡಿದಿತ್ತು.

ಪಂದ್ಯದ ದಿನ ದೊಡ್ಡ ಸಾಹೇಬರು ಬರುತ್ತಾರೆಂದು ಸುದ್ದಿಯಾಯಿತು. ಯಾರಾದರೂ ಮುಳುಗಿದರೆ ಗತಿ? ನಮ್ಮ ಅಧಿಕಾರಿಗೂ ಜೀವ ಪುಕಪುಕ ಎಂದಿತು. ಎರಡೂ ತೆಪ್ಪದ ಮುಂತುದಿಗೆ ಹಗ್ಗ ಬಿಗಿದು, ಆಚೆ ದಡದಲ್ಲಿ ನಾಲ್ಕು ನಾಲ್ಕು ಜನ ಸ್ವಯಂಸೇವಕರ ಕೈಗೆ ಕೊಟ್ಟರು. ಸೀಟಿ ಊದಿದ್ದೇ ತಡ, ಅವರು ಬಾವಿಯಿಂದ ಕೊಡ ಸೇದುವ ಹಾಗೆ ಎಳೆದರು. ನನ್ನ ಹುಟ್ಟು ನೀರಿಗೆ ಸರಿಯಾಗಿ ತಾಗುವ ಮೊದಲೇ ದಡ ಬಂದಿತ್ತು. ಎರಡು ತೆಪ್ಪವೂ ಒಟ್ಟಿಗೇ ಬಂದವು, ಚಪ್ಪಾಳೆಯೋ ಚಪ್ಪಾಳೆ. ದೊಡ್ಡ ಸಾಹೇಬರು ಕಣ್ಣೊರೆಸಿಕೊಂಡು “ಮೀರಂತಾ ಫಸ್ಟೇ!” ಎಂದು ಘೋಷಿಸಿದರು. ನಾವೆಲ್ಲರೂ ಫಸ್ಟಂತೆ. ಅಂಗೈ ಬೊಬ್ಬೆ ಬಂದಿದ್ದ ಸ್ವಯಂಸೇವಕರಿಗೆ ಮಾತ್ರ ಪಾಪ, ಡಬ್ಬಿ ಸಿಗಲಿಲ್ಲ.

ಪಕ್ಕದ ತೆಪ್ಪದಲ್ಲಿದ್ದವಳು ಕಲ್ಯಾಣದುರ್ಗದಿಂದ ಬಂದಿದ್ದ ಅಕ್ಕ. ಒಂದು ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಹೋಟೆಲೊಂದಕ್ಕೆ ಇಡ್ಲಿ ಹಿಟ್ಟು ರುಬ್ಬಿಕೊಡುವವಳು, ತೋಳು ನನ್ನದಕ್ಕಿಂತ ದಪ್ಪ. ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದಳು.

“ಅಲ್ಲ ಕಣಪ್ಪ, ಗೆದ್ದಿದ್ದು ನೀನಾ, ನಾನಾ?”

“ಇಬ್ರೂ ಅಂತೆ ಕಣಕ್ಕ.”

“ಇಬ್ರೂ ಗೆಲ್ಲಾಕೆ ಇದೇನು ಮದ್ವೆನಾ?”

ಮರುವರ್ಷ ಪಂದ್ಯ ಕಲ್ಯಾಣದುರ್ಗದ ಕೆರೆಯಲ್ಲಿ. ಮಳೆ ಚೆನ್ನಾಗಿ ಆಗಿತ್ತು. ಅದೇ ತೆಪ್ಪ, ಅದೇ ಹಗ್ಗ, ಮೇಜಿನ ಮೇಲೆ ಅವೇ ಡಬ್ಬಿಗಳು. ನಮ್ಮನ್ನು ಮೂಟೆಯಂತೆ ಎತ್ತಿ ಕೂರಿಸಿ ಸ್ವಯಂಸೇವಕರು ಆಚೆಗೆ ಹೋದ ಮೇಲೆ ಅಕ್ಕ ಮೆಲ್ಲಗೆ, “ಹಗ್ಗ ಬಿಚ್ಚಾಕ್ತೀನಿ. ನೀನೂ ಬಿಚ್ಚಾಕು. ಯಾರ್ ಗೆಲ್ತಾರೆ ನೋಡೇಬುಡಾನ” ಎಂದಳು. ಬೆನ್ನ ಹಿಂದೆ ಕೈ ಹಾಕಿ ಇಬ್ಬರೂ ಗಂಟು ಸಡಿಲಿಸಿದೆವು.

ಸೀಟಿ ಊದಿದರು. ಆಚೆ ದಡದಲ್ಲಿ ಎಂಟು ಜನ ಒಟ್ಟಿಗೇ ಅಂಗಾತ ಬಿದ್ದ ಸದ್ದು ಕೇಳಿಸಿತು. ಅದನ್ನು ನೋಡಲಾಗಲಿಲ್ಲ ಎಂಬ ಕೊರಗು ನನಗೆ ಈಗಲೂ ಇದೆ. “ಅಯ್ಯಯ್ಯೋ ಪಾಪ, ಮುಳುಗೋಯ್ತಾರೆ!” ಎಂದು ಹೆಂಗಸರು ಬಾಯಿ ಬಡಿದುಕೊಂಡರು. ನಮ್ಮ ಪಾಡಿಗೆ ನಾವು ಹುಟ್ಟು ಹಾಕುತ್ತಾ ಹೋದೆವು. ಅರ್ಧ ದಾರಿಗೆ ಬರುವಷ್ಟರಲ್ಲಿ ಕೂಗಾಟ ನಿಂತು, ಯಾರೋ ಒಬ್ಬ ಗಂಟಲು ಹರಿಯುವ ಹಾಗೆ ಬೈದ: “ಎಳೀಲಾ! ಆ ಕೈಗೇನಾಗೈತೆ ನಿಂಗೆ, ಹೊಟ್ಟೆಗೆ ಅನ್ನ ತಿಂತೀಯೋ ಇಲ್ವೋ!” ಅಷ್ಟು ವರ್ಷದಲ್ಲಿ ಆ ಆಟೋಟದಲ್ಲಿ ನನ್ನನ್ನು ಯಾರೂ ಬೈದಿರಲಿಲ್ಲ. ನನಗೆ ಆದ ಸಂತೋಷ ಹೇಳತೀರದು.

ಸಂತೋಷದಲ್ಲಿ ಎಳೆದೆ. ಅಕ್ಕನ ತೆಪ್ಪ ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲೇ ಇತ್ತು. ಆಮೇಲೆ ಕಣ್ಣ ಅಂಚಿಗೆ ಸರಿಯಿತು, ಆಮೇಲೆ ಕಾಣಲೇ ಇಲ್ಲ. ಬೆನ್ನು ಮುಂದಾಗಿ ಕೂತವನಿಗೆ ಎದುರಾಳಿ ಕಾಣದಿದ್ದರೆ ಅವಳು ಮುಂದಿದ್ದಾಳೆ ಎಂದೇ ಅರ್ಥ. ಹೊಟ್ಟೆ ಉರಿಯಿತು. ರಟ್ಟೆ ಕಿತ್ತುಬರುವಂತೆ ಎಳೆದರೂ ಅವಳು ಮತ್ತೆ ಕಣ್ಣಿಗೆ ಬೀಳಲಿಲ್ಲ.

ನನ್ನ ತೆಪ್ಪ ದಡಕ್ಕೆ ತಾಗಿದಾಗ ಅವಳು ಆಗಲೇ ಸೆರಗು ಹಿಂಡುತ್ತಿದ್ದಳು.

“ಸೋತ್ಬುಟ್ಟೆ ಕಣಪ್ಪ,” ಎಂದಳು. “ನಾಕು ದಿನ ಬಂದು ಹಿಟ್ಟು ರುಬ್ಬು, ಮುಂದಿನ ವರ್ಷ ನೋಡಾನ.”

ಅಧಿಕಾರಿ ಬೆವರೊರೆಸಿಕೊಳ್ಳುತ್ತಾ ವೇದಿಕೆ ಹತ್ತಿ ಮತ್ತೆ “ಮೀರಂತಾ ಫಸ್ಟೇ” ಎಂದರು. ನನ್ನ ಕೈಗೂ ‘ಪ್ರಥಮ’ ಡಬ್ಬಿ ಬಂತು.

ಮಾರನೇ ದಿನ ಹಿಂದೂಪುರದ ಪಾತ್ರೆ ಅಂಗಡಿಗೆ ಅದನ್ನು ಒಯ್ದು, ‘ಪ್ರಥಮ’ ಹೊಡೆದುಹಾಕಿ ‘ದ್ವಿತೀಯ’ ಎಂದು ಕೆತ್ತಿಕೊಡಿ ಎಂದೆ. ಅಂಗಡಿಯವರು ನನ್ನನ್ನೇ ನೋಡಿದರು. “ಯಾರಾದ್ರೂ ತಾವಾಗೇ ಸೆಕೆಂಡ್ ಅಂತ ಬರ್ಸ್ಕೊಂತಾರೇನಪ್ಪ?” ಎಂದರು. ನಾನು ಡಬ್ಬಿಯನ್ನು ಅವರ ಮುಂದಕ್ಕೆ ತಳ್ಳಿದೆ. ಕೆತ್ತಿಕೊಟ್ಟರು.

ಮನೆಯ ಗೂಡಿನಲ್ಲಿ ಪ್ರಥಮಗಳು ಸಾಲಾಗಿ ಕೂತಿವೆ, ಉಪ್ಪು, ಹುಣಸೆಹಣ್ಣು, ಸಾಸಿವೆ ತುಂಬಿಕೊಂಡು. ಅವನ್ನು ನೋಡಿ ಎರಡನೆಯವರು ಯಾರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಆ ‘ದ್ವಿತೀಯ’ ಡಬ್ಬಿ ನೋಡಿದವರು ಮಾತ್ರ ಕೇಳುತ್ತಾರೆ, “ಫಸ್ಟ್ ಯಾರು ಬಂದ್ರು?”