ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಹಾಳೆ

ನಮ್ಮಣ್ಣ ಸೂಯೆಜ್ ಕಾಲುವೆಯನ್ನು ಅಗಲ ಮಾಡುವಾಗ ಅಲ್ಲಿ ಮಣ್ಣು ಅಗೆಯುವ ಯಂತ್ರ ಓಡಿಸುತ್ತಿದ್ದ. ವಿಜಯನಗರದ ಮನೆಗೆ ಮರಳಿದ ಮೇಲೆ ಅವನು ಹಡಗುಗಳ ವಿಷಯ ಹೇಳಿದ್ದು ಕಡಿಮೆ, ದಂಡೆಗಳದ್ದೇ ಹೆಚ್ಚು. ಆ ಕಾಲುವೆಯನ್ನು ಮೊದಲು ತೋಡಿದವರು ಬಲವಂತವಾಗಿ ಎಳೆತಂದ ಅಲ್ಲಿನ ರೈತರು. ಬರಿಗೈಯಲ್ಲೂ ಮಣ್ಣು ಎತ್ತಿದ್ದರಂತೆ.

"ಎಷ್ಟು ಜನ ಸತ್ರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ ಕಣೇ. ಈಗ ನೋಡಿದ್ರೆ ಬರೀ ನೀರು."

ಹೋದ ವರ್ಷ ಪಕ್ಕದ ಸೈಟಿನವರು ಕಾರು ನಿಲ್ಲಿಸಲು ನೆಲಮಾಳಿಗೆ ತೋಡಿಸಿದರು. ಒಂದಿಂಚೂ ಬಿಡದೆ ನಮ್ಮ ಕಾಂಪೌಂಡಿನ ಬುಡಕ್ಕೇ ನೇರವಾಗಿ ಕಡಿಸಿದರು. ಇಲ್ಲಿ ಎಲ್ಲರೂ ಹಾಗೆಯೇ ಕಡಿಸುತ್ತಾರೆ.

"ನೇರ ಕಡೀಬೇಡಿ, ಇಳಿಜಾರು ಬಿಡಿ ಸಾರ್, ಮಣ್ಣು ನಿಲ್ಲಲ್ಲ," ಎಂದ ಅಣ್ಣ.

"ನಿಮ್ ಕಾಲುವೇಲಿ ಜಾಗ ಇತ್ತು ಗುರು. ಥರ್ಟಿ ಫಾರ್ಟಿ ಸೈಟಲ್ಲಿ ಇಳಿಜಾರು ಬಿಟ್ಟು ಕಾರನ್ನ ನಿಮ್ಮನೆ ಹಾಲ್‌ನಲ್ಲಿ ನಿಲ್ಲಿಸ್ಲಾ?" ಎಂದು ಮಾಲೀಕರು ನಕ್ಕರು.

ಗುಂಡಿಯಲ್ಲಿ ದುಡಿಯುತ್ತಿದ್ದವರು ರಾಯಚೂರು ಕಡೆಯ ಗಂಡ ಹೆಂಡತಿ. ಕಾಂಪೌಂಡಿನಲ್ಲಿ ಕೂದಲೆಳೆಯಂಥ ಬಿರುಕು ಕಂಡ ದಿನ ಅಣ್ಣ ಹಳೆ ಕ್ಯಾಲೆಂಡರಿನ ಹಾಳೆ ಸೀಳಿ, ಮೈದಾ ಅಂಟಿನಿಂದ ಬಿರುಕಿಗೆ ಅಡ್ಡಲಾಗಿ ಅಂಟಿಸಿದ.

"ಎದಕ್ರೀ ಅಕ್ಕಾ ಈ ಕಾಗದ?" ಎಂದು ಆ ಹೆಂಗಸು ಕೆಳಗಿನಿಂದ ಕೇಳಿದಳು.

"ಗೋಡೆ ಅಲ್ಲಾಡಿದ್ರೆ ಇದು ಹರಿಯುತ್ತೆ. ಹರಿದ್ರೆ ಕೂಗ್ತೀವಿ, ಇಬ್ರೂ ಮೇಲೆ ಬಂದ್ಬಿಡಿ," ಎಂದೆ ನಾನು.

ನಾಲ್ಕನೆಯ ದಿನ ಬೆಳಿಗ್ಗೆ ಕಾಗದ ಹರಿದಿತ್ತು. ನಾನೇ ನೋಡಿದೆ. ಅಳಿಲು ಕಿತ್ತಿರಬೇಕು ಅನ್ನಿಸಿತು. ಒಲೆಯ ಮೇಲೆ ಹಾಲಿತ್ತು. ಒಳಗೆ ಹೋದೆ, ಹಾಲು ಉಕ್ಕುವವರೆಗೂ ನಿಂತೆ, ಒಲೆ ಆರಿಸಿದೆ. ಆಮೇಲೆ ಅಣ್ಣನನ್ನು ಕರೆದೆ.

ಅವನು ಮೆಟ್ಟಿಲು ಇಳಿಯುತ್ತಲೇ "ಮೇಲೆ ಬನ್ನಿ!" ಎಂದು ಕೂಗಿದ. ಗಂಡ ಏಣಿ ಹತ್ತಿದ. ಆಕೆ ಏಣಿಯ ಬುಡದಲ್ಲಿದ್ದಾಗ ಮೂಟೆ ಸುರಿದಂಥ ಸದ್ದಾಯಿತು. ಮಣ್ಣು ಆಕೆಯ ಸೊಂಟದವರೆಗೆ ಬಂದು ನಿಂತಿತು. ಆಕೆಗೆ ತಗುಲೀತೆಂದು ಯಂತ್ರ ಇಳಿಸಲು ಅಣ್ಣ ಬಿಡಲಿಲ್ಲ; ಕೈಯಿಂದಲೇ ಬಗೆದ.

ಆಕೆ ಬದುಕಿದಳು. ಎಡಗಾಲು ನೆಟ್ಟಗೆ ಊರಲಾಗುವುದಿಲ್ಲ. ಈಗ ಆ ಕಟ್ಟಡದ ಕಾವಲಿಗೆ ಇಬ್ಬರೂ ಅಲ್ಲೇ ಇದ್ದಾರೆ. ಕಾರು ಬಂದಾಗ ಗೇಟು ತೆಗೆಯುವವಳು ಆಕೆಯೇ.

ಮೊನ್ನೆ ನಮ್ಮ ಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಾ ಕೇಳಿದಳು, "ಅಕ್ಕಾ, ಆ ಕಾಗದ ಹರದಿದ್ದು ಮೊದಲ ಯಾರ್ ನೋಡಿದ್ರಿ?"

"ನಾನೇ. ಹಾಲು ಕಾಯಿಸ್ತಾ ನಿಂತ್ಬಿಟ್ಟೆ."

ಆಕೆಯ ಕೈ ನಿಂತಿತು. ಹೊರಗೆ ಕಾರಿನ ಹಾರ್ನ್ ಕೇಳಿತು. ಗೋಡೆ ಹಿಡಿದು ಎದ್ದಳು.