ಬಾವಿಯ ಹಗ್ಗ, ಹಿನ್ನೀರಿನ ನಕಾಶೆ

ಸಂಕ್ರಾಂತಿಗೆ ಎರಡು ದಿನ ಮುಂಚಿನ ಭಾನುವಾರ, ಬೆಳಗಿನ ಎಂಟು ಗಂಟೆ, ಸವದತ್ತಿಯ ಬದಿಯ ಹಿನ್ನೀರಿನ ದಂಡೆ. ಹಾಜರಿದ್ದವರು ಇಬ್ಬರು: ನಾನು ಮತ್ತು ಗೆಳೆಯ ಶಿವಲಿಂಗಪ್ಪ. ಗೈರುಹಾಜರಾದವನು ಒಬ್ಬ: ಸೈಕಲ್ ರಿಪೇರಿ ಅಂಗಡಿಯ ದಸ್ತಗೀರ, ಕೆಲವೇ ದಿನ ಹಿಂದಿನ ಎಳ್ಳಮವಾಸ್ಯೆಯಂದು ಇದೇ ನೀರಿನಲ್ಲಿ ತೀರಿಕೊಂಡವನು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿ ಆಯುಷ್ಯವೆಲ್ಲ ಸೀಟಿ ಊದಿದವನು ನಾನು. ಮೊದಲು ಹಾಜರಿ, ಆಮೇಲೆ ಮಾತು.

ನನ್ನ ಹೆಗಲ ಮೇಲೆ ಬಾವಿಯ ಹಗ್ಗದ ಸುರುಳಿಯೊಂದಿತ್ತು. ಮನೆಗೆ ನಳ ಬಂದಮೇಲೆ ಅದು ಪಡಸಾಲೆಯ ಗೋಡೆಯ ಗೂಟದಲ್ಲಿ, ನನ್ನ ಕೊಡೆಯ ಪಕ್ಕ, ಕೆಲಸವಿಲ್ಲದ ಹಿರಿಯರಂತೆ ತೂಗುತ್ತ ಬಂದಿತ್ತು. ಕೊಡೆ ವರ್ಷಕ್ಕೊಮ್ಮೆಯಾದರೂ ಹೊರಗೆ ಹೋಗಿಬರುತ್ತಿತ್ತು, ಹಗ್ಗ ಅದೂ ಇಲ್ಲ. ಹಿಂದಿನ ಸಂಜೆ ಅದನ್ನು ಇಳಿಸಿ, ಧೂಳು ಕೊಡವಿ, ಮಾರಿಗೊಂದು ಗಂಟು ಹಾಕಿ, ತುದಿಗೆ ಹಳೆಯ ತಕ್ಕಡಿಯ ಕಬ್ಬಿಣದ ತೂಕದ ಕಲ್ಲು ಕಟ್ಟಿದೆ. ನೀರು ಸೇದಲು ಹುಟ್ಟಿದ ಹಗ್ಗ ನೀರನ್ನು ಅಳೆಯಲು ಹೊರಟಿತು.

ಓದುಗ ಮಿತ್ರರೇ, ನೆಲದ ಮೇಲೆ ನಡೆಯುವವನಿಗೆ ಈ ನಾಡಿನಲ್ಲಿ ದಾರಿ ತಪ್ಪುವುದು ಕಷ್ಟ. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಜಿಲ್ಲೆಯ ನಕಾಶೆ ಸಿಗುತ್ತದೆ, ತಲಾಠಿಯ ಬಳಿ ಹೊಲದ ನಕಾಶೆ ಸಿಗುತ್ತದೆ, ಇವೆರಡೂ ಸಿಗದಿದ್ದರೆ ಕಟ್ಟೆಯ ಮೇಲೆ ಕುಳಿತವರು ಕೇಳದಿದ್ದರೂ ದಾರಿ ಹೇಳುತ್ತಾರೆ. ಆದರೆ ಅದೇ ನೆಲದ ಮೇಲೆ ನೀರು ನಿಂತಿತೆನ್ನಿ, ಬದು, ಬಾವಿ, ಗೋಡೆ, ಗುಡಿ ಎಲ್ಲವೂ ಇದ್ದಲ್ಲೇ ಇದ್ದರೂ ಅವುಗಳ ಸುದ್ದಿ ಮಾತ್ರ ಜನರ ಕೈಯಿಂದ ಜಾರಿ ಯಾವುದೋ ಕಪಾಟನ್ನು ಸೇರಿಬಿಡುತ್ತದೆ. ನೀರು ನೆಲವನ್ನು ಮುಚ್ಚಿತು, ಕಚೇರಿ ನೀರನ್ನು ಮುಚ್ಚಿತು.

ಶಿವಲಿಂಗಪ್ಪನ ಊರು ಹಾಗೆ ಮುಚ್ಚಿಹೋದ ಊರುಗಳಲ್ಲಿ ಒಂದು. ಆಣೆಕಟ್ಟು ತುಂಬುವ ಮೊದಲು ಸರಕಾರದವರು ಬಂದು ಮನೆ, ಮರ, ಕಟ್ಟೆ ಒಂದನ್ನೂ ಬಿಡದೆ ಅಳೆದರಂತೆ. ಸರಪಳಿಯ ಒಂದು ತುದಿ ಹಿಡಿದವರು ಶಿವಲಿಂಗಪ್ಪನ ತಂದೆಯೇ. ಮನೆಗಳು ಮಣ್ಣಿನವು, ಕರಗಿದವು. ಕಲ್ಲು ಗಾರೆಯ ಹಣಮಪ್ಪನ ಗುಡಿಯೊಂದು ಉಳಿದಿರಬೇಕೆಂದು ಎಲ್ಲರೂ ಹೇಳುತ್ತಿದ್ದರು, ಆದರೆ ಮುಳುಗಿದಮೇಲೆ ಅದನ್ನು ಕಂಡವರಿಲ್ಲ.

ಎಳ್ಳಮವಾಸ್ಯೆಗೆ ನಮ್ಮ ಕಡೆ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಮಾಡಿದ ಅಡಿಗೆಯ ಮೊದಲ ತುತ್ತನ್ನು ಅವಳಿಗೆ ಕೊಟ್ಟು, ಆಮೇಲೆ ಉಣ್ಣುವುದು ಪದ್ಧತಿ. ಹೊಲ ಮುಳುಗಿದವರು ಏನು ಮಾಡಬೇಕು? ಶಿವಲಿಂಗಪ್ಪನ ಮನೆಯವರು ದೋಣಿಯಲ್ಲಿ ಹೋಗುತ್ತಾರೆ. ಎಲ್ಲಮ್ಮನ ಗುಡ್ಡದ ಅಂಚು, ಆಚೆ ದಂಡೆಯ ಒಂಟಿ ಜಾಲಿ, ಇವೆರಡರ ಅಂದಾಜಿನ ಮೇಲೆ ತಮ್ಮ ಹೊಲ ಇಲ್ಲೇ ಎಂದು ನಿಲ್ಲಿಸಿ, ಸಜ್ಜೆ ಕಡಬು, ಪುಂಡಿಪಲ್ಯೆ, ಎಳ್ಳು ಹಚ್ಚಿದ ರೊಟ್ಟಿಯ ಚೂರುಗಳನ್ನು ನೀರಿಗೆ ಚೆಲ್ಲುತ್ತಾರೆ. ಭೂಮಿತಾಯಿಗೆ ಮುಟ್ಟುವ ಮೊದಲು ಅದು ಮೀನಿಗೆ ಮುಟ್ಟುತ್ತದೆ ಎಂಬುದು ದಸ್ತಗೀರನ ವಾರ್ಷಿಕ ನಗೆಮಾತು.

ದೋಣಿ ನಮ್ಮ ಮೂವರದು. ತೊಂಬತ್ತರ ದಶಕದಲ್ಲಿ ಯಾರೋ ಬಿಟ್ಟುಹೋದ ಹಳೆಯ ಮರದ ದೋಣಿಗೆ ಡಾಂಬರು ಬಳಿದು ಎಬ್ಬಿಸಿದ್ದೆವು. ಪ್ರತಿ ಭಾನುವಾರ ಮೊದಲ ಬಸ್ಸಿಗೆ ನಾನು ಬೈಲಹೊಂಗಲದಿಂದ ಬರುತ್ತಿದ್ದೆ. ಶಿವಲಿಂಗಪ್ಪ ಬುತ್ತಿ ತರುತ್ತಿದ್ದ, ದಸ್ತಗೀರ ಗಾಳ ತರುತ್ತಿದ್ದ. ನಮ್ಮದು ಮೀನು ಒಲೆ ಕಾಣದ ಮನೆ. ನನಗೆ ಹುಟ್ಟು ಹಾಕುವುದು ಸಂತೋಷ, ಗಾಳ ಹಿಡಿದು ಕೂಡುವುದು ಸಂತೋಷ, ಸಿಕ್ಕ ಮೀನನ್ನು ಬಿಡಿಸಿ ನೀರಿಗೆ ಬಿಡುವುದು ಅದಕ್ಕಿಂತ ಸಂತೋಷ. ದಸ್ತಗೀರನಿಗೆ ಇದು ನೋಡಲಾಗದು. “ಮಾಸ್ತರ, ನೀವು ಮೀನಿಗೂ ಡ್ರಿಲ್ ಕಲಿಸಿ ಸಾಲಿ ಬಿಡಸ್ತೀರಿ. ನಾಳೆ ಅವು ನನ್ನ ಗಾಳ ಕಂಡರ ಲೆಫ್ಟ್ ರೈಟ್ ಮಾಡಕೋತ ಹೋಗತಾವ,” ಎನ್ನುತ್ತಿದ್ದ.

ಎರಡು ಸಾವಿರದ ಇಸವಿ ದಾಟಿ, ಮಳೆ ಸಾಲುಸಾಲಾಗಿ ಕೈಕೊಟ್ಟ ವರ್ಷಗಳವು. ಆ ಎಳ್ಳಮವಾಸ್ಯೆಗೆ ನೀರು ನಾವು ಎಂದೂ ಕಾಣದಷ್ಟು ಕೆಳಗಿಳಿದಿತ್ತು. ದೋಣಿಯಲ್ಲಿ ನಾನು, ಶಿವಲಿಂಗಪ್ಪ, ಬುತ್ತಿಯ ಬುಟ್ಟಿ ಹಿಡಿದ ಅವನ ಹೆಂಡತಿ ನೀಲವ್ವ, ಹುಟ್ಟು ಹಾಕಲು ದಸ್ತಗೀರ. ಅವನ ಗಾಳ ಎಂದಿನಂತೆ ಬದಿಗೆ ಇಳಿಬಿದ್ದಿತ್ತು. ಚರಗ ಚೆಲ್ಲಿ ತಿರುಗುವಾಗ ಶಿವಲಿಂಗಪ್ಪ ಗುಡ್ಡ ನೋಡಿದ, ಜಾಲಿ ನೋಡಿದ.

“ದಸ್ತಗೀರ, ಮುಂದ ಹಣಮಪ್ಪನ ಗುಡಿ ಐತಿ. ದೇವರ ತಲಿ ಮ್ಯಾಲೆ ಹಾಯಿಸಬ್ಯಾಡಪ, ಬಲಕ್ಕ ತಗೋ.”

“ಯಾಕ ಹಾಯಿಸಲಿ ಗೌಡ್ರ. ಅವನ ಅಂಗಳದ ಮೀನ ಹಿಡೀತೇನಂತ ಮದಲ ಸಿಟ್ಟಿನ್ಯಾಗ ಅದಾನ,” ಎಂದು ನಗುತ್ತ ದಸ್ತಗೀರ ಬಲಕ್ಕೆ ತಿರುಗಿಸಿದ.

ಸ್ವಲ್ಪ ದೂರ ಹೋಗುವುದರಲ್ಲಿ ದೋಣಿಯ ತಳಕ್ಕೆ ಏನೋ ಬಡಿಯಿತು. ಮುಂದೆ ನಿಂತು ಹುಟ್ಟು ಹಾಕುತ್ತಿದ್ದ ದಸ್ತಗೀರ ಮುಂದಕ್ಕೇ ಬಿದ್ದ, ತಲೆ ಅದಕ್ಕೇ ಬಡಿಯಿತು. ನಮ್ಮೆಲ್ಲರಿಗಿಂತ ಚೆನ್ನಾಗಿ ಈಜು ಬಲ್ಲವನು ಅವನು, ಆದರೆ ಒಡೆದ ತಲೆಗೆ ಈಜು ನೆನಪಿರುವುದಿಲ್ಲ. ನಾವು ಮೂವರು ವಾಲಿದ ದೋಣಿಯ ಅಂಚು ಹಿಡಿದುಕೊಂಡಿದ್ದೆವು, ಗಾಳಿ ನಮ್ಮನ್ನು ದೂರ ತಳ್ಳುತ್ತಿತ್ತು. ಬಡಿದದ್ದು ಮರದ ಬೊಡ್ಡೆಯೋ, ಗೋಡೆಯೋ, ಆ ಕಲಕು ನೀರಿನಲ್ಲಿ ಯಾರಿಗೂ ಕಾಣಲಿಲ್ಲ. ಸಂಜೆ ಬಲೆಗಾರರು ಅವನನ್ನು ತೆಗೆದರು.

ಮಣ್ಣು ಮುಗಿಸಿ ಬಂದಂದಿನಿಂದ ಶಿವಲಿಂಗಪ್ಪ ಒಂದೇ ಮಾತು ಹಿಡಿದ. “ಬಲಕ್ಕ ತಗೋ ಅಂದಾಂವ ನಾನು. ಅಲ್ಲಿ ಗುಡಿ ಇತ್ತೋ ಇಲ್ಲೋ, ಅಷ್ಟು ಗೊತ್ತಾಗಬೇಕ್ರಿ ಮಾಸ್ತರ.” ಊಟ ಬಿಟ್ಟಿದ್ದ. ಗುಡಿ ಅಲ್ಲಿದ್ದರೆ ದೇವರಿಗಾಗಿ ತಿರುಗಿಸಿದ್ದಾಯಿತು, ಇಲ್ಲದಿದ್ದರೆ ಗೆಳೆಯ ಸತ್ತದ್ದು ಬರಿಯ ಅಂದಾಜಿಗೆ. ನನಗೆ ಇನ್ನೊಂದು ಚಿಂತೆ: ಸಂಕ್ರಾಂತಿಗೆ ಊರೂರಿನಿಂದ ಜನ ಬುತ್ತಿ ಕಟ್ಟಿಕೊಂಡು ದಂಡೆಗೆ ಬರುತ್ತಾರೆ, ಸಿಕ್ಕ ದೋಣಿ ಹತ್ತುತ್ತಾರೆ, ಮಕ್ಕಳನ್ನೂ ಹತ್ತಿಸುತ್ತಾರೆ.

ಇಬ್ಬರೂ ಆಣೆಕಟ್ಟಿನ ಕಚೇರಿಗೆ ಹೋದೆವು. ಮುಳುಗಡೆಯ ನಕಾಶೆಯನ್ನು ದಂಡೆಯಲ್ಲಿ ಒಂದು ಹಲಗೆಯ ಮೇಲೆ ಬರೆಸಿ ಎಂದು ಕೇಳಿದೆ. ಅಲ್ಲಿದ್ದವರು ಒರಟರಲ್ಲ, ಕುರ್ಚಿ ಕೊಟ್ಟರು, ಚಹಾ ತರಿಸಿದರು.

“ನಕಾಶಿ ಐತ್ರಿ. ಆದರ ಗೌಪ್ಯ ಐತಿ. ಆಣಿಕಟ್ಟಿನ ಭದ್ರತಾ ನೋಡ್ರಿ.”

“ಯಾರಿಗೆ ಗೊತ್ತಾಗಬಾರದ್ರಿ?”

“ವೈರಿ ದೇಶದವ್ರಿಗೆ.”

“ಅವ್ರು ಚರಗ ಚೆಲ್ಲಾಕ ಬರತಾರೇನ್ರಿ?”

ಅವರು ನಕ್ಕರು. ನಗು ಮುಗಿದಮೇಲೆ ತುಸು ಮರುಕದಿಂದಲೇ ಹೇಳಿದರು: “ಬ್ಯಾಸಗಿಗೆ ಬರ್ರಿ ಮಾಸ್ತರ. ನೀರು ಇಳದ ಮ್ಯಾಲೆ ಎಲ್ಲಾ ತಾನ ಕಾಣತೈತಿ.”

ಶಿವಲಿಂಗಪ್ಪ ಎದ್ದು ನಿಂತ. “ನಮ್ಮಪ್ಪ ಸರಪಳಿ ಹಿಡದು ಅಳಿಸಿದ ನೆಲಾರೀ ಅದು,” ಎಂದ. ಚಹಾ ಆರುತ್ತಿತ್ತು. ನಾವು ಬಂದೆವು.

ಅಂತೂ ಹಗ್ಗ ಗೂಟದಿಂದ ಇಳಿಯಿತು. ದೋಣಿಯ ತಳಕ್ಕೆ ತಗಡು ಹೊಡೆಸಿದ್ದೆವು. ತೂಕದ ಕಲ್ಲಿನ ಅಡಿಗೆ, ಮುಚ್ಚಿದ್ದ ದಸ್ತಗೀರನ ಅಂಗಡಿ ತೆರೆಸಿ ತಂದ ಗ್ರೀಸು ಮೆತ್ತಿದ್ದೆ. ತಳ ಮುಟ್ಟಿದರೆ ಅಲ್ಲಿ ಏನಿದೆಯೋ ಅದು ಗ್ರೀಸಿಗೆ ಅಂಟಿ ಮೇಲೆ ಬರಬೇಕು.

ಮೊದಲು, ಗುಡಿ ಇದೆಯೆಂದು ಅವನು ತೋರಿಸಿದ್ದ ಜಾಗ. ಹಗ್ಗ ಬಿಟ್ಟೆ. ಗಂಟಿನ ಮೇಲೆ ಗಂಟು ಬೆರಳುಗಳ ನಡುವೆ ಜಾರುತ್ತ ಹೋಯಿತು, ಬಹಳ ಹೊತ್ತಿನ ಮೇಲೆ ಮೆತ್ತಗೆ ನಿಂತಿತು. ಎಳೆದರೆ ಗ್ರೀಸಿಗೆ ಅಂಟಿದ್ದು ಎರೆಮಣ್ಣು, ಕರಿ ಎರೆಮಣ್ಣು. ಸುತ್ತ ಮುತ್ತ ಬಿಟ್ಟು ನೋಡಿದೆ, ಎಲ್ಲೆಲ್ಲೂ ಅದೇ. ಯಾರದೋ ಜೋಳದ ಹೊಲ ಅದು.

“ಗುಡಿ ಇಲ್ಲಿಲ್ಲ,” ಎಂದ ಶಿವಲಿಂಗಪ್ಪ.

ದೋಣಿಯನ್ನು ಬಲಕ್ಕೆ ಹಾಕಿದೆ. ಎಲ್ಲಿ ಹುಡುಕುವುದೆಂದು ತೊಳಲಬೇಕಾಗಲಿಲ್ಲ, ದೂರದಿಂದಲೇ ಕೆಂಪಗೆ ಒಂದು ಚುಕ್ಕೆ ಕುಣಿಯುತ್ತಿತ್ತು. ದಸ್ತಗೀರ ಬಾಟಲಿಯ ಬೂಚಿಗೆ ಕೆಂಪು ಬಣ್ಣ ಬಳಿದು ತನ್ನ ಗಾಳದ ದಾರಕ್ಕೆ ಕಟ್ಟುತ್ತಿದ್ದ. ಆ ದಿನ ನೀರಿಗೆ ಬಿದ್ದ ಗಾಳ ಕೆಳಗೆ ಯಾವುದಕ್ಕೋ ಸಿಕ್ಕಿಕೊಂಡಿತ್ತು, ಬೂಚು ಅಷ್ಟು ದಿನವೂ ಅಲ್ಲೇ ಕಾವಲಿತ್ತು. ಅದರ ಪಕ್ಕ ಕಲ್ಲು ಬಿಟ್ಟೆ. ಮೊದಲ ಗಂಟು ನೀರು ಮುಟ್ಟುವ ಮೊದಲೇ ಅದು ಗಟ್ಟಿಯಾಗಿ ತಾಕಿತು. ಎತ್ತಿ ಬುಡಮೇಲು ಮಾಡಿದೆ. ಗ್ರೀಸಿನಲ್ಲಿ ಗಾರೆಯ ಚಕ್ಕೆಗಳಿದ್ದವು. ಒಂದಕ್ಕೆ ಬಿಳಿ ಸುಣ್ಣ, ಅದರ ಅಂಚಿಗೆ ಕೆಮ್ಮಣ್ಣಿನ ಪಟ್ಟಿ.

ಶಿವಲಿಂಗಪ್ಪ ಆ ಚಕ್ಕೆಯನ್ನು ಅಂಗೈಯಲ್ಲಿ ಇಟ್ಟುಕೊಂಡ. ಆ ಊರಲ್ಲಿ ಗಾರೆಗೆ ಸುಣ್ಣ ಕೆಮ್ಮಣ್ಣು ಬಳಿದ ಗೋಪುರ ಒಂದೇ ಇತ್ತು, ಹೇಳುವ ಅಗತ್ಯವಿರಲಿಲ್ಲ.

“ದೇವರನ್ನ ತಪ್ಪಸಾಕ ಹೋಗಿ ದೇವರ ತಲಿಗೇ ಹಾಕಿದ್ನಿ,” ಎಂದ. ಆಮೇಲೆ, “ಆ ನಕಾಶಿ ದಂಡ್ಯಾಗ ಇದ್ದಿದ್ರ?”

ಸಮಾಧಾನದ ಮಾತುಗಳು ನನಗೂ ಗೊತ್ತು. ಆದರೆ ಅವನು ಕೇಳಿದ್ದು ನಿಜವನ್ನು.

“ಇದ್ದಿದ್ರ ದಸ್ತಗೀರ ಇವತ್ತ ಹುಟ್ಟು ಹಾಕತಿದ್ದ,” ಎಂದೆ.

ಅವನು ತಲೆಯಾಡಿಸಿದ. ಬೂಚಿನ ದಾರ ಕತ್ತರಿಸಲು ಹೋದ ನನ್ನ ಕೈ ಹಿಡಿದು, “ಅದು ಇಲ್ಲೇ ಇರಲಿ,” ಎಂದ. ತಂದಿದ್ದ ದೊಡ್ಡ ಪ್ಲಾಸ್ಟಿಕ್ ಕ್ಯಾನಿಗೆ ಕೆಂಪು ಬಣ್ಣ ಬಳಿದಾಗಿತ್ತು. ನನ್ನ ಹಗ್ಗದ ಒಂದು ತುದಿಯನ್ನು ಅದರ ಹಿಡಿಕೆಗೆ ಕಟ್ಟಿ, ತೂಕದ ಕಲ್ಲನ್ನು ಗುಡಿಯ ಬದಿಯ ಆಳಕ್ಕೆ ಬಿಟ್ಟೆವು. ಚಿಕ್ಕ ಕೆಂಪು, ಪಕ್ಕದಲ್ಲಿ ದೊಡ್ಡ ಕೆಂಪು, ಅಲೆಯ ಮೇಲೆ ಏಳುತ್ತ ಬೀಳುತ್ತ ನಿಂತವು. ಅಷ್ಟು ದೊಡ್ಡ ಹಿನ್ನೀರಿಗೆ ಸಾರ್ವಜನಿಕರಿಗೆ ದೊರೆತ ನಕಾಶೆ ಅಷ್ಟೇ.

ಮಧ್ಯಾಹ್ನದ ಬಸ್ಸಿಗೆ ಬೈಲಹೊಂಗಲಕ್ಕೆ ಬಂದೆ. ಪಡಸಾಲೆಯ ಗೂಟ ಬರಿದಾಗಿತ್ತು. ಅದರ ಕೆಳಗೆ, ಸುರುಳಿಯ ಗಾತ್ರಕ್ಕೆ, ಗೋಡೆ ಹೊಸದರಂತೆ ಬೆಳ್ಳಗಿತ್ತು. ನಿಂತು ನೋಡಿದೆ. ಮುಳುಗಿದ್ದು ಒಂದು ಗುಡಿಯಲ್ಲ, ಊರುಗಳು. ಅವುಗಳ ಬಾವಿಕಟ್ಟೆಗಳಿವೆ, ಕಲ್ಲಿನ ವಾಡೆಗಳಿವೆ, ಎಲ್ಲೆಲ್ಲಿ ಎಂದು ಬಲ್ಲ ಕಾಗದ ಕಪಾಟಿನಲ್ಲಿದೆ. ಚಪ್ಪಲಿ ಬಿಡದೆ ಹಾಗೇ ಪೇಟೆಗೆ ಹೋದೆ.

ಹಗ್ಗದ ಅಂಗಡಿಯವರು ಹಳೆಯ ಪರಿಚಯ. “ನಳ ಬಂದಾವಲ್ರಿ ಮಾಸ್ತರ, ಈಗ ಯಾಕ ಬಾವಿ ಹಗ್ಗ? ಎಷ್ಟು ಆಳ ಐತ್ರಿ ನಿಮ್ಮ ಬಾವಿ?”

“ಅದನ್ನ ಯಾರೂ ಹೇಳವಲ್ರು,” ಎಂದೆ.

ಮನೆಗೆ ಬಂದು ಕೈತೊಳೆದೆ. ಉಗುರಿನ ಸಂದಿಯ ಗ್ರೀಸು ಹೋಯಿತು, ಸುಣ್ಣ ಹೋಗಲಿಲ್ಲ. ಪಡಸಾಲೆಯಲ್ಲಿ ಕುಳಿತು, ತೋಳು ಚಾಚಿ ಚಾಚಿ ಅಳೆದು, ಹೊಸ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕುತ್ತ ಹೋದೆ. ದೀಪ ಹಚ್ಚುವ ಹೊತ್ತಿಗೆ ಕೊನೆಯ ಗಂಟು ಬಿಗಿದು, ಹಗ್ಗವನ್ನು ಗೂಟಕ್ಕೆ ಹಾಕಿದೆ.