ಕೆಮ್ಮಿಸಿ ಕೇಳುವ ಪುಷ್ಪಮೇರಿ

ಪತ್ರಿಕೆಗೆ ಈ ಲೇಖನ ಬರೆಯಲು ಒಪ್ಪಿಕೊಂಡಾಗಿನಿಂದ ನನಗೊಂದೇ ಅಳುಕು: ಹೊಸಬರ ಮುಂದೆ ನನ್ನ ನಾಲಿಗೆಯೇ ಏಳುವುದಿಲ್ಲ. ಡೈರಿಯಲ್ಲಾದರೆ ಪುಟಗಟ್ಟಲೆ ಮಾತಾಡುತ್ತೇನೆ.

ಬೆಳಗಿನ ಆರು ಗಂಟೆ. ಮೈಸೂರಿನ ಹಳೆಯ ಆಸ್ಪತ್ರೆಯೊಂದರ ಹೆಂಗಸರ ಸರ್ಜಿಕಲ್ ವಾರ್ಡಿನಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದೇನೆ. ಉದಯಗಿರಿಯಿಂದ ಮೊದಲ ಬಸ್ಸಿಗೆ ಬಂದ ಆಯಾ ಪುಷ್ಪಮೇರಿ ನೆಲ ಒರೆಸುತ್ತಲೇ ಹನ್ನೊಂದನೇ ಹಾಸಿಗೆಯತ್ತ ಕಣ್ಣಿಟ್ಟಿದ್ದಾರೆ. ಅಲ್ಲಿರುವುದು ಸೌಮ್ಯಶ್ರೀ, ಹೆಬ್ಬಾಳದ ಕಾರ್ಖಾನೆಯ ಕೆಲಸಗಾರ್ತಿ. ನಿನ್ನೆ ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದಿದ್ದಾರೆ. ಪಕ್ಕದಲ್ಲಿ ಅತ್ತೆ ಸುಮಿತ್ರಮ್ಮ.

“ಅಮ್ಮಾ, ಕ್ಯಾಂಟೀನಲ್ಲಿ ಬಿಸಿ ಇಡ್ಲಿ ಬಂದವೆ. ತಡ ಮಾಡುದ್ರೆ ನೀರು ಚಟ್ನೀನೇ ಗತಿ,” ಎಂದು ಪುಷ್ಪಮೇರಿ ಅತ್ತೆಯನ್ನು ಸಾಗಹಾಕುತ್ತಾರೆ. ಇದು ಅವರ ದಿನದ ಉಪಾಯ. ಮನೆಯವರ ಮುಂದೆ ಯಾವ ಹೆಂಗಸೂ ನೋವು ಎನ್ನುವುದಿಲ್ಲವಂತೆ.

“ನೋವದಾ?”

“ಏನಿಲ್ಲ ಕಣಕ್ಕ.”

“ಏನೂ ಇಲ್ದೋಳು ಹೊದಿಕೆ ಯಾಕವ್ವ ಕಚ್ಕೊಂಡಿದ್ದೀಯ?” ಹೊಟ್ಟೆಗೆ ದಿಂಬು ಒತ್ತಿ ಹಿಡಿಸುತ್ತಾರೆ. “ಈಗ ಕೆಮ್ಮು.”

ಅರ್ಧ ಕೆಮ್ಮೂ ಬರುವುದಿಲ್ಲ. ಕಣ್ಣೀರು ಕಿವಿಯತ್ತ ಇಳಿಯುತ್ತದೆ. ನೋವು ಹತ್ತಕ್ಕೆ ಎಷ್ಟು ಎಂದರೆ ಸೌಮ್ಯಶ್ರೀ ಎಂಟು ಬೆರಳು ತೋರಿಸುತ್ತಾಳೆ.

ಇಪ್ಪತ್ತಾರು ವರ್ಷದ ಸೇವೆ, ಇಪ್ಪತ್ತೆರಡು ಹಾಸಿಗೆ. ಆದರೂ ಚಾರ್ಟಿನಲ್ಲಿ ಒಂದಕ್ಷರ ಬರೆಯುವ ಅಧಿಕಾರ ಆಯಾಗಿಲ್ಲ. ಹೋದ ವರ್ಷ ಇದೇ ಹಾಸಿಗೆಯಲ್ಲಿ, ಇದೇ ಆಪರೇಷನ್ ಆಗಿದ್ದ ಬೋರಮ್ಮ ನೋವು ‘ಎರಡು’ ಎಂದಿದ್ದರು. ಡಾಕ್ಟರು ಹಾಗೇ ಬರೆದುಕೊಂಡರು.

“ನೋವಿಗೆ ಹೆದರಿ ಉಸುರೇ ಎಳೀಲಿಲ್ಲ, ಕೆಮ್ಮಲೇ ಇಲ್ಲ. ಕಫ ಕಟ್ಬುಡ್ತು. ಐಸಿಯುಗೋದೋರು ವಾಪಸ್ ಬರ್ಲಿಲ್ಲ. ನಂಗೊತ್ತಿತ್ತು ಕಣಮ್ಮ. ಬಾಯಿ ಮುಚ್ಕೊಂಡಿದ್ದೆ.”

ಅಂದಿನಿಂದ ಪುಷ್ಪಮೇರಿ ಕೆಮ್ಮಿಸಿಯೇ ಕೇಳುತ್ತಾರೆ, ನರ್ಸುಗಳಿಗೆ ಹೇಳುತ್ತಾರೆ. ಕೆಲವರು ಕಿವಿಗೊಡುತ್ತಾರೆ. ನಿಮಗೇನು ಆಸೆ ಎಂದು ತಡವರಿಸುತ್ತಾ ಕೇಳುತ್ತೇನೆ.

“ಸುಮ್ನೆ ಮಲಗಿರೋರ್ನ ಕೇಳ್ಬ್ಯಾಡಿ, ಕೆಮ್ಮಿಸಿ ಕೇಳಿ ಅಂತ ಓದ್ದೋರು ಯಾರಾದ್ರೂ ಹೇಳುದ್ರೆ ಸಾಕು. ನಮ್ಮಾತು ನಡೆಯಲ್ಲ.”

ಎಂಟಕ್ಕೆ ಡಾಕ್ಟರು ಬರುತ್ತಾರೆ. ನೋವು ಎಷ್ಟು?

“ಎರಡೇ ಸಾರ್.” ಉತ್ತರಿಸುವುದು ಸುಮಿತ್ರಮ್ಮ. ನೋವಿನ ಇಂಜೆಕ್ಷನ್ ಅಭ್ಯಾಸವಾದೀತೆಂಬ ಭಯ ಅವರಿಗೆ. ಸೊಸೆ ಕಣ್ಣು ಮುಚ್ಚಿಕೊಳ್ಳುತ್ತಾಳೆ.

“ಸಾರ್, ಒಂಚೂರು ಕೆಮ್ಮಿಸಿದ್ರೆ...”

“ಬಕೆಟ್ ತಗೊಂಡು ಆಚೆ ಹೋಗಮ್ಮ.”

ಪುಷ್ಪಮೇರಿ ಬಕೆಟ್ ಎತ್ತುತ್ತಾರೆ. ಹೋಗುವುದಿಲ್ಲ. ಡಾಕ್ಟರ ಪೆನ್ನು ಚಾರ್ಟಿಗೆ ತಾಗಿದೆ. ನಾನು ಒಂದು ಹೆಜ್ಜೆ ಮುಂದಿಡುತ್ತೇನೆ.

“ಎರಡಲ್ಲ ಡಾಕ್ಟ್ರೇ,” ಎನ್ನುತ್ತೇನೆ. “ಎಂಟು. ಕೆಮ್ಮಿಸಿ ಕೇಳಿ.”